ಅರಮಂಡಿಗೊಂದು ಸ್ಟೂಲು

ನಾಟ್ಯದ ತರಗತಿಯಲ್ಲಿ ನಗಬಾರದು ಎಂದು ನಾನು ಎಷ್ಟು ಬಿಗಿ ಮಾಡುತ್ತೇನೋ, ನಗುವ ಪ್ರಸಂಗಗಳು ಅಷ್ಟೇ ಹಟ ಹಿಡಿದು ಬರುತ್ತವೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂದು ವಾರವಿಡೀ ಬಸ್ಸು ಹತ್ತಿ ಇಳಿದು ಪಾಠ ಮಾಡುವವನು ನಾನು. ಓದಿದ್ದು ಕಾನ್ವೆಂಟಿನಲ್ಲಿ. ಪದದ ಅರ್ಥ ಸರಿಯಾಗಿ ಹೇಳಲು ಬಾರದವರು ಹೆಜ್ಜೆ ಎತ್ತಕೂಡದು ಎಂಬುದು ನನ್ನ ಕಟ್ಟಳೆ. ಹೊಳವನಹಳ್ಳಿಯ ಅತ್ತೆಯೊಬ್ಬರಿಗೆ ಮಾತ್ರ ಅದು ನಾಟಲೇ ಇಲ್ಲ.

ಅವರ ಸೊಸೆ ಮದುವೆಯಾದಾಗ ಬಿಟ್ಟಿದ್ದ ನಾಟ್ಯವನ್ನು ಮತ್ತೆ ಕಲಿಯಲು ಕೊರಟಗೆರೆಯಲ್ಲಿ ನನ್ನ ಹತ್ತಿರ ಸೇರಿದಳು. ಕಾವಲಿಗೆ ಅತ್ತೆಯೂ ಬಂದರು. ಬಂದವರೇ ಷರತ್ತು ಹಾಕಿದರು.

“ಮಧುಗಿರೀಲಿ ಏನೋ ಪ್ರೋಗ್ರಾಂ ಮಾಡ್ತೀರಂತಲ್ಲ ಮೇಷ್ಟ್ರೇ, ಅದೊಂದ್ ಆಗ್ಲಿ. ನೋಡಿ ನಂಗೆ ಹಿಡಿಸ್ಲಿಲ್ಲ ಅಂದ್ರೆ ಅಲ್ಲೇ ಗೆಜ್ಜೆ ಬಿಚ್ಚಿಸ್ಬುಡ್ತೀನಿ.”

ಸೊಸೆ ಕೂತು ಗೆಜ್ಜೆ ಕಟ್ಟಿಕೊಂಡಳು.

ಅರಮಂಡಿ

ಮಂಡಿಗಳನ್ನು ಹೊರಗೆ ತಿರುಗಿಸಿ, ಬೆನ್ನು ನೆಟ್ಟಗಿಟ್ಟು, ಅರ್ಧ ಕುಳಿತಂತೆ ನಿಲ್ಲುವುದು ಅರಮಂಡಿ. ಇಷ್ಟನ್ನು ಹೇಳಿಸಿ, ಸೊಸೆಯನ್ನು ಹಾಗೆಯೇ ನಿಲ್ಲಿಸಿ, ಬೆನ್ನು ಸರಿಯಿದೆಯೇ ಎಂದು ನೋಡುತ್ತಿದ್ದೆ. ಅವಳ ತೊಡೆ ನಡುಗುತ್ತಿತ್ತು.

“ಕೂತ್ಕಳ್ಳೋದಾದ್ರೆ ಕೂತ್ಕೊಳ್ಲಿ, ನಿಂತ್ಕಳ್ಳೋದಾದ್ರೆ ನಿಂತ್ಕೊಳ್ಲಿ. ಇದೇನ್ ಸ್ವಾಮಿ ಅರ್ಧಂಬರ್ಧ?” ಎಂದು ಅತ್ತೆ ಎದ್ದರು. ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ತಂದು ಸೊಸೆಯ ಕೆಳಗೆ ಇಟ್ಟೇಬಿಟ್ಟರು. “ಕೂತ್ಕೋ ಕಣಮ್ಮ.”

“ಅರಮಂಡಿಯಲ್ಲಿ ಸ್ಟೂಲಿಲ್ಲ ಅಮ್ಮ,” ಎಂದೆ.

“ಇವ್ಳ ಮಂಡಿ ಹೋದ್ರೆ ನನ್ನ ಮಂಡಿ ತೋರ್ಸೋಕೆ ಆಸ್ಪತ್ರೆಗೆ ಯಾರು, ನೀವು ಕರ್ಕೊಂಡ್ ಹೋಗ್ತೀರಾ?”

ರೌದ್ರ

ರೌದ್ರವೆಂದರೆ ಕೋಪದ ರಸ. ಕಣ್ಣು ಅರಳಬೇಕು, ಹುಬ್ಬು ಏರಬೇಕು, ಮೂಗಿನ ಹೊಳ್ಳೆ ಅದುರಬೇಕು. ಮನೆಯಲ್ಲಿ ಕನ್ನಡಿಯ ಮುಂದೆ ಅಭ್ಯಾಸ ಮಾಡಿ ಬರಲು ಹೇಳಿ ಕಳಿಸಿದೆ. ಅವರ ಮನೆಯ ದೊಡ್ಡ ಕನ್ನಡಿ ಇರುವುದು ಅತ್ತೆ ಕೂತು ಟೀವಿ ನೋಡುವ ಕುರ್ಚಿಯ ಹಿಂದಿನ ಗೋಡೆಯಲ್ಲಿ ಎಂಬುದು ನನಗೆ ಹೇಗೆ ಗೊತ್ತಾಗಬೇಕು?

ಮುಂದಿನ ತರಗತಿಗೆ ಅತ್ತೆ ದೂರು ಹೊತ್ತು ಬಂದರು. “ಮೂರು ದಿನದಿಂದ ಇವ್ಳು ಬಂದು ಎದುರಿಗೆ ನಿಂತು ನನ್ನನ್ನೇ ಹಂಗ್ ದುರುಗುಟ್ಕೊಂಡು ನೋಡ್ತಾಳೆ. ನಾನೇನ್ ಅಂದೆ ಇವ್ಳಿಗೆ?”

“ಅದು ಪಾಠ ಅಮ್ಮ. ನಿಮ್ಮನ್ನಲ್ಲ, ಕನ್ನಡಿ ನೋಡಿದ್ದು.”

“ಪ್ರೀತಿ ಪಾಠ ಯಾವಾಗ?”

“ಅದು ಹೋದ ವಾರವೇ ಆಯಿತು.”

“ಅವಾಗ ನಾನು ತವರಿಗೆ ಹೋಗಿದ್ನಲ್ಲ! ಮುಂದಿಂದು ಯಾವ್ದು?”

“ಬೀಭತ್ಸ. ಅಸಹ್ಯ ಪಡುವುದು.”

“ಅವಾಗ ಕುರ್ಚೀಲಿ ನಮ್ಮೆಜಮಾನ್ರನ್ನ ಕೂರಿಸ್ತೀನಿ ಬುಡಿ.”

ರಂಗವಿನ್ಯಾಸ

ಯಾರು ಎಲ್ಲಿ ನಿಲ್ಲಬೇಕು, ಯಾವ ದಾರಿಯಲ್ಲಿ ಸಾಗಬೇಕು ಎಂದು ಮೊದಲೇ ಗೊತ್ತು ಮಾಡುವುದು ರಂಗವಿನ್ಯಾಸ. ಕೊರಟಗೆರೆಯಲ್ಲಿ ತರಗತಿ ನಡೆಯುವ ಹಾಲ್‌ನಲ್ಲಿ ಇರುವುದು ಒಂದೇ ಫ್ಯಾನು, ನಟ್ಟನಡುವೆ. ಅದರ ಕೆಳಗೆ ಅತ್ತೆಯ ಕುರ್ಚಿ. ಅದನ್ನು ಸರಿಸಲು ನನ್ನ ಕಾನ್ವೆಂಟ್ ಶಿಸ್ತಿಗೂ ಆಗಲಿಲ್ಲ.

ಮಧುಗಿರಿಯ ವೇದಿಕೆಯಲ್ಲಿ ತಾಲೀಮು. ವಿಶಾಲವಾದ, ಖಾಲಿ ವೇದಿಕೆ. ಕೊರಟಗೆರೆಯ ಹುಡುಗಿಯರು ಸಾಲಾಗಿ ನೇರ ಬಂದವರು ನಡುವಿಗೆ ಬರುತ್ತಲೇ ಏನನ್ನೋ ಬಳಸಿಕೊಂಡು ಹೋದರು. ಹಿಂದಿರುಗುವಾಗಲೂ ಹಾಗೆಯೇ.

“ಅಲ್ಲೇನಿದೆ?” ಎಂದು ಗದರಿದೆ.

“ಅತ್ತೆ, ಸಾರ್,” ಎಂದರು ಎಲ್ಲರೂ.

ಕೆಳಗೆ ಕೂತಿದ್ದ ಅತ್ತೆ ಪಕ್ಕದವರಿಗೆ ಹೇಳುತ್ತಿದ್ದರು: “ನಾನಿಲ್ದಿದ್ರೂ ಹೆಂಗ್ ಮರ್ಯಾದೆ ಕೊಡ್ತಾರೆ ನೋಡ್ರಿ!”

ಭಂಗಿ

ಕಾರ್ಯಕ್ರಮದ ದಿನ ಸೊಸೆಯದು ಕೊನೆಯ ನೃತ್ಯ. ಕೃಷ್ಣನಂತೆ ಕೊಳಲು ಹಿಡಿದು, ಕಾಲ ಮೇಲೆ ಕಾಲು ಅಡ್ಡ ಇಟ್ಟು ನಿಲ್ಲುವ ಭಂಗಿಯಲ್ಲಿ ಮುಗಿಯಬೇಕು. ಪರದೆ ಬೀಳುವ ತನಕ ರೆಪ್ಪೆಯೂ ಅಲುಗಬಾರದು ಎಂದು ಹೇಳಿದ್ದೆ. ಪರದೆಯ ಹಗ್ಗ ಹಿಡಿದು ನಾನೇ ಪಕ್ಕದಲ್ಲಿ ನಿಂತಿದ್ದೆ.

ಚೆನ್ನಾಗಿ ಕುಣಿದಳು. ಹಾಡು ಮುಗಿದು ಭಂಗಿಗೆ ನಿಂತಳು. ಹಗ್ಗಕ್ಕೆ ಕೈ ಹಾಕುವಷ್ಟರಲ್ಲಿ ಅತ್ತೆ ವೇದಿಕೆಯ ಮೆಟ್ಟಿಲು ಹತ್ತುತ್ತಿದ್ದರು. ಗೆಜ್ಜೆ ಬಿಚ್ಚಿಸಲು ಬಂದರೇನೋ!

ಕೈಯಲ್ಲಿ ಕನಕಾಂಬರದ ಹಾರವಿತ್ತು. ನಮ್ಮ ಕಡೆ ಪೌರಾಣಿಕ ನಾಟಕ ನಡೆಯುವಾಗ ಪಾತ್ರ ಮೆಚ್ಚಿದ ನೆಂಟರು ಆಟದ ನಡುವೆಯೇ ಹತ್ತಿ ಹಾರ ಹಾಕುತ್ತಾರೆ. ಅತ್ತೆಯೂ ಹಾಗೆಯೇ ಹಾಕಿದರು. ಸೊಸೆ ಅಲುಗಲಿಲ್ಲ.

“ಚೆಂದಾಗಿತ್ತು ಕಣಮ್ಮ,” ಎಂದರು. ಮುಂದಿದ್ದ ಮೈಕು ಅದನ್ನು ಊರಿಗೆಲ್ಲ ಕೇಳಿಸಿತು. ಸೊಸೆ ಮಾತಾಡಲಿಲ್ಲ.

ಅತ್ತೆಗೆ ಗಾಬರಿಯಾಯಿತು. “ಯಾಕವ್ವ, ಗೆಜ್ಜೆ ಬಿಚ್ಚಿಸ್ತೀನಿ ಅಂದಿದ್ಕೆ ಕೋಪಾನಾ? ಇನ್ಮ್ಯಾಕೆ ನಾನ್ ಅಡ್ಡ ಬರಕಿಲ್ಲ. ಎಷ್ಟ್ ವರ್ಸ ಬೇಕಾದ್ರೂ ಕಲಿ.”

ಸೊಸೆಯ ಕಣ್ಣಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು. ಕೊಳಲು ಹಿಡಿದ ಬೆರಳು ಮಾತ್ರ ಇದ್ದಲ್ಲೇ ಇತ್ತು. ನಾನು ಹಗ್ಗ ಎಳೆಯಬೇಕಿತ್ತು. ಎಳೆಯಲಿಲ್ಲ.

“ಕ್ಲಾಸಿರೋ ದಿನ ಅಡ್ಗೆ ನಾನೇ ಮಾಡ್ತೀನಿ, ಆಯ್ತಾ? ಕಾಲ್ ಇಳಿಸು ತಾಯಿ!”

ಸೊಸೆ ತುಟಿ ಅಲುಗಿಸದೆ, ಬರೀ ಉಸಿರಲ್ಲಿ, “ಪಾತ್ರೆ?” ಎಂದಳು.

ಅತ್ತೆ ಸಭೆಯ ಕಡೆ ತಿರುಗಿ, ಮೊದಲ ಸಾಲಿನಲ್ಲಿ ಕೂತಿದ್ದ ಯಜಮಾನರತ್ತ ಕೈ ಚಾಚಿ, “ಅದನ್ನ ಇವ್ರ್ ತೊಳೀತಾರೆ!” ಎಂದು ಘೋಷಿಸಿದರು.

ಯಜಮಾನರು ಏಳುವುದರೊಳಗೆ ನಾನು ಪರದೆ ಎಳೆದುಬಿಟ್ಟೆ.