ಆ ಸಿನಿಮಾ ಕನ್ನಡದ್ದಲ್ಲ ಎಂದು ನಾನು ಸಾಧಿಸಿದ್ದು

ಕಾಲೇಜಿನ ಡಿಬೇಟ್ ತಂಡದಲ್ಲಿ ನಾಲ್ಕು ವರ್ಷ ಪಳಗಿದವಳು ನಾನು. ಸಾಕ್ಷಿಯಿಲ್ಲದೆ ಯಾವುದನ್ನೂ ನಂಬುವುದಿಲ್ಲ, ಸಾಕ್ಷಿ ಸಿಕ್ಕರೆ ಯಾರನ್ನೂ ಬಿಡುವುದಿಲ್ಲ. ಹಾಗಾಗಿ, ನಾನು ಮದುವೆಯಾಗಬೇಕೆಂದಿರುವ ನಿಶಾಂತನ ಅಮ್ಮ ಕುಂದಾಪುರದಿಂದ ಅಮೆರಿಕಕ್ಕೆ ಬಂದಿಳಿದು, "ಜೆರಿಕೋದಲ್ಲಿ ಹುಟ್ಟಿದ ಹುಡುಗಿಗೆ ಕನ್ನಡ ಬರುತ್ತದಾ?" ಎಂದು ಮಗನನ್ನು ಕೇಳಿದ್ದು ತಿಳಿದಾಗ ಹೆದರಲಿಲ್ಲ. ನಮ್ಮ ಮನೆಯಲ್ಲಿ ಅಪ್ಪಟ ಮೈಸೂರು ಕನ್ನಡ! ಆಂಟಿಯ ಒಪ್ಪಿಗೆ ಬೇಕು ತಾನೇ? ಸಾಬೀತು ಮಾಡೋಣ. ಹಿಕ್ಸ್‌ವಿಲ್ ಹತ್ತಿರದ ಥಿಯೇಟರಿಗೆ ಹೊಸ ಕನ್ನಡ ಸಿನಿಮಾ ಬಂದಿತ್ತು. ಟಿಕೆಟ್ ಬುಕ್ ಮಾಡಿದೆ.

ದಾರಿಯುದ್ದಕ್ಕೂ ಆಂಟಿ ನನ್ನೊಂದಿಗೆ ವಾರ್ತೆ ಓದುವವರ ಹಾಗೆ ಶುದ್ಧವಾಗಿ ಮಾತಾಡಿದರು. ನನ್ನ ಕನ್ನಡದ ಪ್ರಭಾವ ಅಂದುಕೊಂಡೆ!

ನಿಶಾಂತ ಕಾರು ಪಾರ್ಕ್ ಮಾಡಲು ಹೋದ. ಪಾಪ್‌ಕಾರ್ನ್ ಸಾಲು ದಾಟಿ ನಾವಿಬ್ಬರು ಒಳಗೆ ಹೋಗುವಷ್ಟರಲ್ಲಿ ಟೈಟಲ್ ಮುಗಿದಿತ್ತು. ತೆರೆಯ ಮೇಲೆ ಮೀನುಗಾರನೊಬ್ಬ ಹೆಂಡತಿಯನ್ನು ಏನೋ ಕೇಳಿದ. ಅರ್ಥವಾಗಲಿಲ್ಲ. ಅವಳು ಏನೋ ಬೈದಳು. ಅದೂ ಅರ್ಥವಾಗಲಿಲ್ಲ. ಸಬ್‌ಟೈಟಲ್ ಇಲ್ಲ. ಸಮುದ್ರ ಇದೆ, ದೋಣಿ ಇದೆ. ತೀರ್ಮಾನ: ಇದು ತುಳು ಸಿನಿಮಾ!

"ಆಂಟಿ, ನೀವು ಕೂತಿರಿ. ನಾನು ನೋಡ್ಕೋತೀನಿ."

"ಎಂತ ನೋಡುವುದು? ನಿಲ್ಲು ಮಗಾ..."

ನಿಲ್ಲಲಿಲ್ಲ. ಹೊರಗೆ ಮ್ಯಾನೇಜರ್ ಪಾಪ, "ಲಿಸ್ಟಿನಲ್ಲಿ ಕನ್ನಡ ಅಂತಲೇ ಇದೆ" ಅಂದ.

"ನಿಮಗೆ ಕನ್ನಡ ಬರುತ್ತಾ?"

"ಇಲ್ಲ."

"ನನಗೆ ಬರುತ್ತೆ!"

ಸಿನಿಮಾ ನಿಂತಿತು. ದೀಪ ಹತ್ತಿತು. ನಾನು ತೆರೆಯ ಮುಂದೆ ನಿಂತು ಸಭೆಗೆ ನಿವೇದಿಸಿದೆ: "ಮಹನೀಯರೇ, ಗಾಬರಿ ಬೇಡ. ತಪ್ಪಿ ತುಳು ಸಿನಿಮಾ ಹಾಕಿಬಿಟ್ಟಿದ್ರು. ನಿಲ್ಲಿಸಿದ್ದೇನೆ."

ಹಿಂದಿನ ಸಾಲಿನಿಂದ ಅಂಕಲ್ ಒಬ್ಬರು ಎದ್ದರು. "ಹ್ವಾಯ್, ಅದು ಕುಂದಾಪ್ರ ಕನ್ನಡ ಮಾರಾಯ್ತಿ!"

ಇಡೀ ಹಾಲ್ ನಕ್ಕಿತು. ಆಗಷ್ಟೇ ಒಳಗೆ ಬಂದ ನಿಶಾಂತ ಹಣೆ ಹಿಡಿದುಕೊಂಡ. "ಅಮ್ಮ ಮನೇಲಿ ಮಾತಾಡೋದೂ ಅದನ್ನೇ ಕಣೇ!"

ಮದುವೆ ಮುರಿಯಿತು ಅಂದುಕೊಂಡೆ. ಆದರೂ ಸೋಲೊಪ್ಪಿ ಅಭ್ಯಾಸವಿಲ್ಲ. "ಆಂಟಿ, ಅದು ಕನ್ನಡ ಅನ್ನೋದಕ್ಕೆ ಸಾಕ್ಷಿ ಏನು?"

"ನಾನೇ ಸಾಕ್ಷಿ. ಕೂಕೋ ಬಾ!" ಅಂದವರು ಮಗನ ಕಡೆ ತಿರುಗಿದರು. "ಹುಡ್ಗಿ ಬಾಯಿ ಜೋರಿತ್ತ್. ಅಡ್ಡಿಲ್ಲೆ. ಕನ್ನಡ ನಾನ್ ಕಲ್ಸ್ತೆ."

"ಒಪ್ಪಿದರಂತೆ," ಎಂದು ನಿಶಾಂತ ತಿಳಿಸಿದ. ತಿಳಿಸಬೇಕಾಯಿತು!

ಸಿನಿಮಾ ಮೊದಲಿನಿಂದ ಶುರುವಾಯಿತು. ಇವತ್ತಿಗೂ ಅದೇ ನನ್ನ ಮೆಚ್ಚಿನ ಸಿನಿಮಾ. ಭಾವಿ ಅತ್ತೆ ಉದ್ದಕ್ಕೂ ಕನ್ನಡದ ಸಂಭಾಷಣೆಯನ್ನು ನನ್ನ ಕಿವಿಯಲ್ಲಿ ಕನ್ನಡಕ್ಕೆ ಅನುವಾದ ಮಾಡುತ್ತಾ ಕೂತರು. ಅವರ ನೆರವಿಲ್ಲದೆ, ಸ್ವಂತ ಪ್ರತಿಭೆಯಿಂದ ನಾನು ಅರ್ಥ ಮಾಡಿಕೊಂಡ ಪದ ಒಂದೇ ಒಂದು.

ಇಂಟರ್ವಲ್!