ಅದ್ರಿಂದ ಇದು ಹೆಂಗೆ ಬತ್ತೈತೆ?

ಹೊಗೆ ಕಂಡರೆ ಬೆಂಕಿ ಇದೆ ಎಂದು ಲೋಕವೆಲ್ಲ ಒಪ್ಪುತ್ತದೆ. ನಮ್ಮ ದೊಡ್ಡಪ್ಪ ಒಪ್ಪುತ್ತಿರಲಿಲ್ಲ. ಹೊಗೆ ಕಂಡರೆ ಅವರಿಗೆ ಹೊಗೆ ಇತ್ತು, ಅಷ್ಟೇ. ಮಧುಗಿರಿ ಕೋರ್ಟಿನಲ್ಲಿ ವರ್ಷಗಟ್ಟಲೆ ಸಾಕ್ಷಿಗಳ ಹೇಳಿಕೆ ನಕಲು ಮಾಡಿ ಅಂಟಿಸಿಕೊಂಡ ಚಾಳಿ ಅದು. ಪಿಂಚಣಿಯಾದ ಮೇಲೆ ಸಾಕ್ಷಿಗಳು ಸಿಗದೆ ಮನೆಯವರನ್ನೇ ಹಿಡಿದರು.

“ಕಾಗೆ ಕೂಗ್ತಾ ಐತೆ, ಇವತ್ತು ನೆಂಟ್ರು ಬತ್ತಾರೆ” ಎಂದು ದೊಡ್ಡಮ್ಮ ಒಂದು ಪಾವು ಅಕ್ಕಿ ಹೆಚ್ಚಿಗೆ ಅಳೆದರೆ, “ಕೂಗಿದ್ದು ದಿಟ. ಅದ್ರಿಂದ ನೆಂಟ್ರು ಹೆಂಗೆ ಬತ್ತಾರೆ?” ಎನ್ನುವರು. ಒಮ್ಮೆ ಬಡವನಹಳ್ಳಿಯಿಂದ ಮೂವರು ಬಂದು ಜಗುಲಿಯ ಮೇಲೆ ಕೂತೇಬಿಟ್ಟರು. ದೊಡ್ಡಮ್ಮ ಗೆದ್ದ ಮುಖದಲ್ಲಿ ನೋಡಿದರೆ ಇವರು, “ಅವ್ರು ಬಂದಿರೋದು ಗಾಡಿಯಿಂದ ಕಣೇ, ಕಾಗೆಯಿಂದಲ್ಲ” ಎಂದರು. ನೆಂಟರು ತಮ್ಮ ಎತ್ತುಗಳ ಕಡೆ ನೋಡಿಕೊಂಡರು.

ನನ್ನನ್ನು ನೋಡಲು ಕೊಡಿಗೇನಹಳ್ಳಿಯ ಗಂಡಿನವರು ಬಂದು, ಉಪ್ಪಿಟ್ಟು ತಿಂದು, “ಊರಿಗೆ ಹೋಗಿ ಕಾಗ್ದ ಬರೀತೀವಿ” ಎಂದು ಹೋದರು. ಹಾಗೆಂದರೆ ಹೆಣ್ಣು ಒಪ್ಪಿಗೆಯಾಗಿಲ್ಲ ಎಂದು ಹಸುಗೂಸಿಗೂ ಗೊತ್ತು. ದೊಡ್ಡಪ್ಪ ಮಾತ್ರ, “ಬರೀತೀವಿ ಅಂದವ್ರೆ. ಒಲ್ಲೆ ಅಂತ ಯಾರಂದ್ರು?” ಎಂದು ಆರು ತಿಂಗಳು ಟಪಾಲಿನವನ ದಾರಿ ಕಾದರು. ಕೊನೆಗೂ ಬಂತು, ಆ ಹುಡುಗನ ಮದುವೆಯ ಲಗ್ನಪತ್ರಿಕೆ!

“ನೋಡ್ದೇನವ್ವ, ಬರೀತೀವಿ ಅಂದಿದ್ರು, ಬರುದ್ರು” ಎಂದರು. ಇಂಥವರ ಮೇಲೆ ಸಿಟ್ಟಾಗುವುದಾದರೂ ಹೇಗೆ?

ಯುದ್ಧದ ಕಾಲದಲ್ಲಿ ಒಂದು ದಿನ ಸಿರಾದಿಂದ ಭಾವನ ತಂತಿ ಬಂತು: ಕೂಡಲೇ ಹೊರಟು ಬನ್ನಿ. ಅಲ್ಲಿ ಅಕ್ಕ ದಿನ ತುಂಬಿದ ಬಸುರಿ. ಅಪ್ಪನಿಲ್ಲದ ನಮ್ಮಿಬ್ಬರನ್ನೂ ಸಾಕಿದವರು ದೊಡ್ಡಪ್ಪನೇ. ಆಗೆಲ್ಲ ತಂತಿ ಎಂದರೆ ಸಾವು. ದೊಡ್ಡಮ್ಮ ಒಲೆ ಆರಿಸಿ ಅಳತೊಡಗಿದರು.

“ಹೊರಡಿ ಅಂತೈತೆ, ಹೊರಡಾನ. ಮಿಕ್ಕಿದ್ದು ಅದ್ರಾಗೆ ಎಲ್ಲೈತೆ ತೋರ್ಸು” ಎಂದು ಗದರಿ, ದೊಡ್ಡಪ್ಪ ನನ್ನನ್ನು ಕರೆದುಕೊಂಡು ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುತ್ತಿದ್ದ ಬಸ್ಸು ಹತ್ತಿದರು. ದಾರಿಯಲ್ಲಿ ನಾನು ಬಾಯಿ ತೆರೆದಾಗಲೆಲ್ಲ “ತಂತಿಯಾಗೆ ಅಂಗಿಲ್ಲ ಕಣವ್ವ” ಎಂದರು. ಆ ಒಂದು ಮಾತನ್ನು ಹಿಡಿದುಕೊಂಡೇ ನಾನು ಸಿರಾ ತಲುಪಿದೆ.

ಭಾವ ಬಾಗಿಲಲ್ಲೇ ನಗುತ್ತ ನಿಂತಿದ್ದರು. ಬೆಳಿಗ್ಗೆ ಹೆರಿಗೆ ಕಷ್ಟವಾಗಿ, ಹೆದರಿ ತಂತಿ ಕೊಟ್ಟಿದ್ದರಂತೆ. ಮಧ್ಯಾಹ್ನಕ್ಕೆ ಹೆಣ್ಣುಮಗು, ತಾಯಿ ಮಗು ಇಬ್ಬರೂ ಕ್ಷೇಮ. “ನಾನು ಹೇಳ್ಲಿಲ್ವಾ?” ಎಂದು ದೊಡ್ಡಪ್ಪ ಕಾಲು ತೊಳೆಯಲು ಬಚ್ಚಲಿಗೆ ಹೋದರು.

ಟವಲು ಕೊಡೋಣವೆಂದು ಅವರ ಚೀಲಕ್ಕೆ ಕೈ ಹಾಕಿದೆ. ಅಡಿಯಲ್ಲಿ ತಣ್ಣಗೆ ಏನೋ ತಗುಲಿತು. ನಮ್ಮ ದೇವರಮನೆಯ ಗಂಗೆಯ ಗಿಂಡಿ. ಸಾಯುವವರ ಬಾಯಿಗೆ ಬಿಡಲೆಂದು ಕಾಶಿಯಿಂದ ತಂದಿಟ್ಟದ್ದು. ತಲೆಯೆತ್ತಿದರೆ ದೊಡ್ಡಪ್ಪ ಎದುರಿಗೇ ನಿಂತಿದ್ದರು.

“ಚೀಲದಾಗೆ ಗಿಂಡಿ ಐತೆ, ಅಷ್ಟೇಯ” ಎಂದರು, ಮುಖ ಆಚೆ ತಿರುಗಿಸಿ. “ಅದ್ರಿಂದ ನೀನೇನೂ ತಿಳ್ಕಬ್ಯಾಡ.”

ಕಾಲಿಗೆಂದು ಕೊಟ್ಟ ಟವಲಿನಲ್ಲಿ ಅವರು ಬಹಳ ಹೊತ್ತು ಮುಖ ಒರೆಸಿಕೊಂಡರು.