ಹೆಸರು ಹೇಳಬಾರದ ಗುಲಾಬಿ

ಎಂಜಲು ಕೈಯಲ್ಲಿ ಕಾಗೆ ಓಡಿಸದ ಹಯಗ್ರೀವ ಹೆಂಡತಿಗೆ ಗುಲಾಬಿ ಕಳಿಸುವ ಮನಸ್ಸು ಮಾಡಿದ್ದು ಪ್ರೀತಿಯಿಂದಲ್ಲ, ಹೊಟ್ಟೆಕಿಚ್ಚಿನಿಂದ. ಮೇಲಿನ ಮನೆಯ ಭಾರ್ಗವ್ ತನ್ನ ಹೆಂಡತಿಗೆ ಅಂಗಡಿಯಿಂದ ಹೂಗುಚ್ಛ ತರಿಸಿಕೊಟ್ಟಾಗಿನಿಂದ ಕೋಕಿಲಾ ಸಾರಿಗೆ ಉಪ್ಪು ಹಾಕುವುದನ್ನೇ ಬಿಟ್ಟಿದ್ದಳು. "ಗಂಡ ಅಂದ್ರೆ ಹಾಗಿರ್ಬೇಕು" ಅಂತ ಗೋಡೆಗೆ ಹೇಳುತ್ತಿದ್ದಳು. ಅದೇ ಮಾತನ್ನು ತನ್ನ ಬಗ್ಗೆ, ಇಡೀ ಕ್ವಾರ್ಟರ್ಸ್ ಎದುರಿಗೆ ಅವಳ ಬಾಯಲ್ಲಿ ಹೇಳಿಸಬೇಕು ಅಂತ ಇವನಿಗೆ ಹಠ ಹುಟ್ಟಿತು.

ಅವರ ಮದುವೆಯ ವಾರ್ಷಿಕೋತ್ಸವ ಬಂತು. ವಿಮಾ ಆಫೀಸಿನ ಪುಕ್ಕಟೆ ಫೋನಿನಿಂದ ಶಿವಾಜಿನಗರದ ಹೂವಿನ ಅಹ್ಮದ್ ಪಾಷಾನನ್ನು ಹಿಡಿದ.

"ತಾಜಾ ಬೇಕಾ ಸಾಬ್? ನಿನ್ನೇದು ಉಳಿದದೆ, ಅರ್ಧ ರೇಟಿಗೆ ಕೊಡ್ತೀನಿ."

"ನಿನ್ನೇದೇ ಹಾಕಿ. ಗುಲಾಬಿ ಗುಲಾಬಿನೇ. ಮೇಲೆ ಒಂದಿಷ್ಟು ನೀರು ಚಿಮುಕಿಸಿ ಸಾಕು. ಕಳಿಸಿದ್ದು ಯಾರು ಅಂತ ಮಾತ್ರ ಹೇಳ್ಬೇಡಿ, ಯಾರೇ ಬಂದು ಕೇಳಿದ್ರೂ!"

"ಜಬಾನ್ ಕೊಟ್ಟೆ ಸಾಬ್. ಕತ್ತು ಹೋದ್ರೂ ಹೇಳಲ್ಲ."

ಸಂಜೆ ಎಲ್ಲರ ಕುತೂಹಲ ಕೆರಳಿದ ಮೇಲೆ ತಾನೇ ಹೇಳಿಕೊಳ್ಳುವ ಲೆಕ್ಕ ಹಯಗ್ರೀವನದು. ದುಡ್ಡು ಕೊಡಲು ಅಲ್ಲಿಯವರೆಗೆ ಹೋದರೆ ಬಸ್ ಚಾರ್ಜು ದಂಡ. ಊಟಕ್ಕೆ ಆ ಕಡೆಯ ಮನೆಗೆ ಹೋಗುತ್ತಿದ್ದ ಆಫೀಸಿನ ಜೊತೆಗಾರ ಜಯಂತನ ಕೈಯಲ್ಲಿ ಕಳಿಸಿ ಅದನ್ನೂ ಉಳಿಸಿದ.

ಮಧ್ಯಾಹ್ನ ಪಾಷಾ ತಾನೇ ಮೊಪೆಡ್ಡಿನಲ್ಲಿ ಇಂದಿರಾನಗರಕ್ಕೆ ಹೂ ತಂದಾಗ ಕೋಕಿಲಾ ಮನೆಯಲ್ಲಿರಲಿಲ್ಲ. ಪಕ್ಕದ ಮನೆ ರಾಮಲಕ್ಷ್ಮಮ್ಮ ತೆಗೆದುಕೊಂಡಳು. ಪಕ್ಕದ ಮನೆಗೆ ಬೆಂಕಿ ಬಿದ್ದರೆ ಮೈ ಕಾಯಿಸಿಕೊಳ್ಳುವ ಜಾತಿ ಅವಳದು. ಹೆಸರಿಲ್ಲದ ಕೆಂಪು ಗುಲಾಬಿ, ಅದೂ ಮದುವೆಯಾದ ಹೆಣ್ಣಿಗೆ! ಹೂ ಸುತ್ತಿದ ಕಾಗದದ ಮೇಲೆ ಅಂಗಡಿಯ ನಂಬರಿತ್ತು. ದೊಡ್ಡ ಆರ್ಡರಿದೆ ಅಂತ ಸುಳ್ಳು ಹೇಳಿ ಸಂಜೆಗೆ ಪಾಷಾನನ್ನು ಕರೆಸಿಯೇಬಿಟ್ಟಳು.

ಹಯಗ್ರೀವ ಎದೆಯುಬ್ಬಿಸಿಕೊಂಡು ಬಂದಾಗ ಮನೆ ಮುಂದೆ ಪಾಷಾನ ಸುತ್ತ ಪಂಚಾಯ್ತಿ ಸೇರಿತ್ತು. ಕೋಕಿಲಾ ಹೂ ಹಿಡಿದು ನಿಂತಿದ್ದಳು. ಕಾಲ ಬಳಿ ನಾಲ್ಕಾರು ದಳ ಉದುರಿದ್ದವು.

"ಹೂ ಕಳಿಸಿದ್ದು ನಾನೇ ಕಣ್ರೀ!" ಅಂದ.

ರಾಮಲಕ್ಷ್ಮಮ್ಮ ಸೊಂಟ ಹಿಡಿದುಕೊಂಡು ನಕ್ಕಳು. "ನೀವಾ? ಗೌರಿ ಹಬ್ಬಕ್ಕೆ ನಮ್ಮ ಗಿಡದ ದಾಸವಾಳ ಕಿತ್ಕೊಂಡು ಹೋದೋರು ನೀವೇ ಅಲ್ವಾ? ಹೆಂಡ್ತಿ ಮಾನ ಮುಚ್ಚೋಕೆ ಒದ್ದಾಡ್ತಿದೀರಿ, ಪಾಪ."

"ಪಾಷಾ ಅವ್ರೇ, ಹೇಳ್ರೀ! ಬೆಳಿಗ್ಗೆ ಫೋನ್ ಮಾಡಿದ್ದು ನಾನೇ ತಾನೇ?"

ಪಾಷಾ ಅವನನ್ನು ಮೇಲಿಂದ ಕೆಳಗೆ ನೋಡಿದ. "ಜಬಾನ್ ಕೊಟ್ಟಿದೀನಿ ಸಾಬ್, ಹೇಳಂಗಿಲ್ಲ."

"ಹೇಳ್ಬೇಡಿ ಅಂದಿದ್ದು ನಾನೇ! ಈಗ ಹೇಳಿ ಅನ್ನೋನೂ ನಾನೇ!"

"ಹೆಂಡ್ತಿ ಸಿಕ್ಕಿಬಿದ್ದ ಮನೇಲೆಲ್ಲಾ ಗಂಡಂದಿರು ಹಿಂಗೇ ಹೇಳ್ತಾರೆ ಸಾಬ್." ಪಾಷಾಗೆ ಅವನ ಮೇಲೆ ನಿಜವಾಗಿಯೂ ಕನಿಕರ ಬಂದಿತ್ತು. "ಹೆಸರು ಹೇಳಲ್ಲ. ಆದ್ರೆ ದುಡ್ಡು ತಂದೋರು ನೀವಲ್ಲ. ಗುಂಗುರು ಕೂದಲು, ಕನ್ನಡಕ, ಚೆನ್ನಾಗಿರೋ ಹುಡುಗ."

"ಅಯ್ಯೋ, ಜಯಂತ!" ಗುಂಪು ಒಂದೇ ಬಾಯಲ್ಲಿ ಉಸುರಿತು. ಯುಗಾದಿಗೆ ಇವರ ಮನೆಯಲ್ಲಿ ಹೋಳಿಗೆ ತಿಂದು ಹೋದವನನ್ನು ಯಾರು ಮರೆತಾರು? ಹಯಗ್ರೀವನ ಮುಖ ಹಿಂಡಿಹಾಕಿದ ಬನಿಯನ್ನಿನಂತಾಯಿತು.

ಕೋಕಿಲಾ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಹೂ ಎದೆಗವಚಿಕೊಂಡು ಒಳಗೆ ನಡೆದಳು. ಅವಳ ಹಿಂದೆಯೇ ಓಡಿದ ಹಯಗ್ರೀವ ಬಾಗಿಲು ಹಾಕಿ, ಅಳುವುದೊಂದು ಬಾಕಿ ಎಂಬಂತೆ ಕೈಮುಗಿದ.

"ನೀನಾದ್ರೂ ನಂಬೇ! ನಾನೇ ಕಣೇ!"

"ಗೊತ್ತು. ಕೈಗೆ ತಗೊಂಡ ಕೂಡ್ಲೇ ಗೊತ್ತಾಯ್ತು."

"ಹೆಂಗೆ?"

"ದಳ ಉದುರ್ತಿತ್ತು. ಪರಪುರುಷ ಆಗಿದ್ರೆ ಇವತ್ತಿನ ಹೂ ಕಳಿಸ್ತಿದ್ದ ರೀ."

"ಮತ್ತೆ ಅಷ್ಟು ಜನದ ಮುಂದೆ ಯಾಕೆ ಬಾಯಿ ಬಿಡ್ಲಿಲ್ಲ?"

"ಏನಂತ ಬಿಡ್ಲಿ? ನನ್ನ ಗಂಡ ಬಾಡಿದ ಹೂ ಕಳಿಸ್ದ ಅಂತಾನಾ? ಆ ರಾಮಲಕ್ಷ್ಮಮ್ಮನ ಮುಂದೆ ಅದಕ್ಕಿಂತ ಇದೇ ಮರ್ಯಾದೆ ಅನ್ನಿಸ್ತು."

ಹೂವನ್ನು ಕಸದ ಬುಟ್ಟಿಗೆ ಹಾಕಿ, ತಟ್ಟೆ ಹಾಕಿ ಊಟಕ್ಕೆ ಬಡಿಸಿದಳು. ಸಾರಿಗೆ ಇವತ್ತೂ ಉಪ್ಪಿರಲಿಲ್ಲ. ಹಯಗ್ರೀವ ತಾನೇ ಎದ್ದು ಹೋಗಿ ಉಪ್ಪಿನ ಡಬ್ಬಿ ತಂದುಕೊಂಡ.